ಅಜ್ಜನ ರೇಜರು, ಮೊಮ್ಮಗನ ಕುತ್ತಿಗೆ

ಪ್ರಶ್ನೆ: ಡಾಕ್ಟ್ರೇ, ನನಗೆ 27 ವರ್ಷ. ಶಿವಮೊಗ್ಗದಲ್ಲಿ ಬ್ಯಾಂಕ್ ಕೆಲಸ, ಹಾಗಾಗಿ ದಿನಾ ಶೇವ್ ಮಾಡಲೇಬೇಕು. ಐದು ಬ್ಲೇಡಿನ ರೇಜರ್ ಬಳಸುತ್ತೇನೆ. ಎರಡು ವರ್ಷದಿಂದ ದವಡೆಯ ಕೆಳಗೆ, ಕುತ್ತಿಗೆಯ ಮೇಲೆ ಗುಳ್ಳೆ ಏಳುತ್ತಿವೆ. ಒಣಗಿದ ಮೇಲೆ ಕಪ್ಪು ಕಲೆ ಉಳಿಯುತ್ತದೆ. ಮೆಡಿಕಲ್ ಶಾಪಿನವರು ಕೊಟ್ಟ ಕ್ರೀಮ್ ಆಗಾಗ ಹಚ್ಚುತ್ತೇನೆ. ಮೂರು ದಿನ ಕಮ್ಮಿಯಾಗುತ್ತದೆ, ಆಮೇಲೆ ಮತ್ತೆ ಅದೇ ಕಥೆ. ಮೊನ್ನೆ ಅಟ್ಟ ಗುಡಿಸುವಾಗ ಅಜ್ಜನ ಹಳೇ ಸೇಫ್ಟಿ ರೇಜರ್ ಸಿಕ್ಕಿತು. ‘ನಮ್ಮ ಕಾಲದಲ್ಲಿ ಎಲ್ಲರದ್ದೂ ಇದೇ. ಯಾರಿಗೂ ಗುಳ್ಳೆಗಿಳ್ಳೆ ಇರಲಿಲ್ಲ’ ಅಂತಾರೆ ಅಪ್ಪ. ಅದಕ್ಕೆ ಬದಲಾಯಿಸಿದರೆ ಗುಳ್ಳೆ ಹೋಗುತ್ತದಾ? ಅಷ್ಟು ಹಳೆಯದನ್ನು ಮುಖಕ್ಕೆ ಬಳಸಬಹುದಾ? ಕೊಯ್ದುಕೊಳ್ಳುತ್ತೇನೇನೋ ಅನ್ನೋ ಹೆದರಿಕೆಯೂ ಇದೆ.

ಉತ್ತರ: ಬಳಸಬಹುದು. ಗುಳ್ಳೆ ಕಡಿಮೆಯಾಗುವ ಸಾಧ್ಯತೆಯೂ ಚೆನ್ನಾಗಿದೆ. ಆದರೆ ನಾಳೆ ಬೆಳಿಗ್ಗೆಯೇ ಶುರು ಮಾಡಬೇಡಿ.

ಮೊದಲು ಆ ಕ್ರೀಮಿನ ಟ್ಯೂಬ್ ಕೈಗೆ ತಗೊಂಡು ಅದರ ಮೇಲಿನ ಸಣ್ಣ ಅಕ್ಷರ ಓದಿ. ಬೀಟಾಮೆಥಸೋನ್, ಕ್ಲೋಬೆಟಸಾಲ್, ಮೊಮೆಟಸೋನ್. ಇವುಗಳಲ್ಲಿ ಯಾವುದಾದರೂ ಹೆಸರಿದೆಯಾ? ಇದ್ದರೆ ಅದು ಸ್ಟೀರಾಯ್ಡ್. ಮೂರು ದಿನಕ್ಕೆ ಕೆಂಪು ಇಳಿಯುವುದು ಅದರಿಂದಲೇ. ಊತವನ್ನು ಅದು ಅದುಮಿ ಇಡುತ್ತದೆ, ಗುಳ್ಳೆಯ ಕಾರಣವನ್ನು ಮುಟ್ಟುವುದಿಲ್ಲ. ತಿಂಗಳುಗಟ್ಟಲೆ ಹಚ್ಚಿದರೆ ಮುಖದ ಚರ್ಮ ತೆಳ್ಳಗಾಗುತ್ತದೆ. ರಕ್ತನಾಳಗಳು ಕೆಂಪು ದಾರದ ಹಾಗೆ ಕಾಣತೊಡಗುತ್ತವೆ. ಬಿಸಿಲಿಗೆ ಹೋದರೆ ಉರಿ, ಸೋಪು ತಾಗಿದರೆ ಉರಿ. ಅಂಥ ಚರ್ಮದ ಮೇಲೆ ಅಜ್ಜನ ರೇಜರ್ ಆದರೇನು, ಐದು ಬ್ಲೇಡಿನದ್ದಾದರೇನು, ಗಾಯ ತಪ್ಪಿದ್ದಲ್ಲ. ನನ್ನಲ್ಲಿಗೆ ಬರುವ ಹುಡುಗರಲ್ಲಿ ಇದನ್ನು ಎಷ್ಟು ಕಂಡಿದ್ದೇನೆಂದರೆ, ರೇಜರಿನ ಮಾತಿಗೆ ಮುಂಚೆ ಟ್ಯೂಬ್ ತೋರಿಸಿ ಅನ್ನುವುದು ನನಗೆ ರೂಢಿಯಾಗಿಬಿಟ್ಟಿದೆ. ವೈದ್ಯರ ಚೀಟಿ ಇಲ್ಲದೆ ಇಂಥ ಕ್ರೀಮನ್ನು ಮುಖಕ್ಕೆ ಹಚ್ಚಿಕೊಳ್ಳಲೇಬಾರದು. ನೀವು ಅಪರೂಪಕ್ಕೆ ಹಚ್ಚುತ್ತಿದ್ದರೆ ಇವತ್ತೇ ಬಿಟ್ಟುಬಿಡಿ. ತಿಂಗಳುಗಳಿಂದ ದಿನಾ ಹಚ್ಚುತ್ತಿದ್ದರೆ ಒಮ್ಮೆಲೇ ಬಿಡಬೇಡಿ, ಮುಖ ಕೆರಳುತ್ತದೆ. ಹತ್ತಿರದ ಚರ್ಮವೈದ್ಯರಿಗೆ ಟ್ಯೂಬ್ ತೋರಿಸಿ, ಅವರು ಹಂತಹಂತವಾಗಿ ಬಿಡಿಸುತ್ತಾರೆ.

ಇನ್ನು ಗುಳ್ಳೆಯ ವಿಷಯ. ನೀವು ಹೇಳಿದ ಜಾಗ, ಹೇಳಿದ ರೀತಿ ನೋಡಿದರೆ ಇದು ಮೊಡವೆ ಅಲ್ಲ, ಒಳಕ್ಕೆ ಬೆಳೆದ ಕೂದಲು. ನಮ್ಮ ಪುಸ್ತಕದಲ್ಲಿ ಸ್ಯೂಡೋಫಾಲಿಕ್ಯುಲೈಟಿಸ್ ಬಾರ್ಬೇ ಅಂತ ಉದ್ದದ ಹೆಸರಿದೆ. ಕಳೆದ ತಿಂಗಳು ನಿಮ್ಮದೇ ವಯಸ್ಸಿನ ಒಬ್ಬ ಹುಡುಗ ಬಂದಿದ್ದ. ಅವನ ಕುತ್ತಿಗೆಗೆ ಡರ್ಮೋಸ್ಕೋಪ್ ಇಟ್ಟೆ. ಅದೊಂದು ದೀಪ ಇರುವ ಭೂತಗನ್ನಡಿ, ಚರ್ಮವನ್ನು ಹತ್ತು ಪಟ್ಟು ದೊಡ್ಡದು ಮಾಡಿ ತೋರಿಸುತ್ತದೆ. ಪರದೆ ಮೇಲೆ ಒಂದು ಕಪ್ಪು ಕಮಾನು ಕಾಣಿಸಿತು, ಬಳೆ ಚೂರಿನ ಹಾಗೆ. ಒಂದು ತುದಿ ಕೂದಲ ಬುಡದಿಂದ ಹೊರಗೆ ಬಂದಿದೆ, ಇನ್ನೊಂದು ತುದಿ ಬಾಗಿ, ಎರಡು ಮಿಲಿಮೀಟರ್ ಆಚೆ ಚರ್ಮದೊಳಕ್ಕೆ ಚುಚ್ಚಿಕೊಂಡಿದೆ. ಚುಚ್ಚಿದ ಕಡೆ ಸುತ್ತ ಕೆಂಪು. ‘ಸರ್, ಇದು ನಂದೇ ಕೂದಲಾ?’ ಅಂದ. ಅವನದೇ. ದೇಹಕ್ಕೆ ಮಾತ್ರ ಅದು ಮುಳ್ಳು. ಕಾಲಿಗೆ ಮುಳ್ಳು ಚುಚ್ಚಿದರೆ ಸುತ್ತ ಊದಿಕೊಂಡು ಕೀವು ಕಟ್ಟುತ್ತದಲ್ಲ, ಅದೇ ಕೆಲಸ ಇಲ್ಲೂ ನಡೆಯುತ್ತದೆ. ನಮ್ಮಂಥ ಕಂದು ಚರ್ಮ ಊತ ಇಳಿದ ಮೇಲೆ ಅಲ್ಲಿ ಕಪ್ಪು ಕಲೆ ಬಿಟ್ಟು ಹೋಗುತ್ತದೆ.

ಇದು ಗುಂಗುರು ಗಡ್ಡದವರಿಗೆ ಜಾಸ್ತಿ. ಆಫ್ರಿಕಾ ಮೂಲದ ಗಂಡಸರಲ್ಲಿ ಬಹಳ ಸಾಮಾನ್ಯ. ನಮ್ಮಲ್ಲಿ ತಲೆಗೂದಲು ನೇರ ಇದ್ದವರಿಗೂ ಕುತ್ತಿಗೆಯ ಕೂದಲು ಸುರುಳಿಯಾಗಿರುವುದುಂಟು. ಮೇಲಾಗಿ ಕುತ್ತಿಗೆಯಲ್ಲಿ ಕೂದಲು ಒಂದೇ ದಿಕ್ಕಿಗೆ ಬೆಳೆಯುವುದಿಲ್ಲ. ದವಡೆ ಕೆಳಗೆ ಕೆಳಮುಖ, ಗಂಟಲ ಹತ್ತಿರ ಮೇಲ್ಮುಖ, ಪಕ್ಕದಲ್ಲಿ ಅಡ್ಡ. ಕೆನ್ನೆ ನುಣ್ಣಗಿದ್ದು ಕುತ್ತಿಗೆ ಮಾತ್ರ ಕೆಟ್ಟಿರುವುದು ಇದಕ್ಕೇ.

ಈ ಕೂದಲು ಒಳಗೆ ಹೋಗುವುದಕ್ಕೆ ಎರಡು ದಾರಿ. ಒಂದು, ಈಗ ಹೇಳಿದ ಹಾಗೆ ಹೊರಗೆ ಬಂದು, ಬಾಗಿ, ಮತ್ತೆ ಚುಚ್ಚುವುದು. ಇನ್ನೊಂದು, ಹೊರಗೆ ಬರುವ ಮೊದಲೇ, ಕೂದಲು ಹುಟ್ಟುವ ಸಣ್ಣ ಕೊಳವೆಯ ಗೋಡೆ ಸೀಳಿಕೊಂಡು ಪಕ್ಕಕ್ಕೆ ನುಗ್ಗುವುದು. ಈ ಎರಡನೆಯದು ಆಗುವುದು ಕೂದಲು ಚರ್ಮದ ಮಟ್ಟಕ್ಕಿಂತ ಕೆಳಗೆ ಕತ್ತರಿಸಿದಾಗ. ನಿಮ್ಮ ಪ್ರಶ್ನೆಗೆ ಉತ್ತರ ಇರುವುದು ಇಲ್ಲೇ.

ಎರಡು ಬ್ಲೇಡ್ ಒಂದರ ಹಿಂದೊಂದು ಇಟ್ಟ ರೇಜರನ್ನು ಜಿಲೆಟ್ ಕಂಪನಿ 1971ರಲ್ಲಿ ಮಾರುಕಟ್ಟೆಗೆ ಬಿಟ್ಟಿತು. ಮೊದಲ ಬ್ಲೇಡ್ ಕೂದಲನ್ನು ಹಿಡಿದು ಸ್ವಲ್ಪ ಹೊರಗೆಳೆದು ಕತ್ತರಿಸುತ್ತದೆ. ಆ ಕೂದಲು ವಾಪಸ್ ಒಳಗೆ ಸರಿಯುವ ಮೊದಲೇ ಎರಡನೆಯ ಬ್ಲೇಡ್ ಬಂದು ಇನ್ನೊಂದು ಚೂರು ಕತ್ತರಿಸುತ್ತದೆ. ಆಮೇಲೆ ಕೂದಲು ಚರ್ಮದೊಳಕ್ಕೆ ಜಾರಿಕೊಳ್ಳುತ್ತದೆ. ಕೈಯಾಡಿಸಿದರೆ ಗಾಜಿನ ಹಾಗೆ ನುಣ್ಣಗೆ. 1998ಕ್ಕೆ ಬ್ಲೇಡು ಮೂರಾಯಿತು, 2003ಕ್ಕೆ ನಾಲ್ಕು, 2006ಕ್ಕೆ ಐದು. ಅಷ್ಟೂ ವರ್ಷದ ಓಟ ನುಣುಪಿನ ಹಿಂದೆ. ನೇರ ಕೂದಲಿನವರಿಗೆ ಇದರಿಂದ ತೊಂದರೆ ಇಲ್ಲ. ನಿಮ್ಮ ಕುತ್ತಿಗೆಯ ಸುರುಳಿ ಕೂದಲಿಗೆ ಮಾತ್ರ ಆ ನುಣುಪೇ ಶತ್ರು. ಚೂಪಾಗಿ ಓರೆ ಕತ್ತರಿಸಿದ ತುದಿ ಚರ್ಮದ ಒಳಗಿದೆ, ಬೆಳೆಯುತ್ತಿದೆ, ಬಾಗುತ್ತಿದೆ. ಅದು ಎಲ್ಲಿಗೆ ಹೋಗಬೇಕು ಹೇಳಿ?

ಒಂದೇ ಬ್ಲೇಡಿನ ಸೇಫ್ಟಿ ರೇಜರ್ ಚರ್ಮದ ಮಟ್ಟಕ್ಕೆ ಕತ್ತರಿಸುತ್ತದೆ. ಎಳೆದು ಕತ್ತರಿಸುವ ಆಟ ಅದರಲ್ಲಿಲ್ಲ. ಜೊತೆಗೆ ಐದು ಬ್ಲೇಡಿನದ್ದನ್ನು ಒಮ್ಮೆ ಎಳೆದರೆ ಅದೇ ಚರ್ಮದ ಮೇಲೆ ಐದು ಅಲಗು ಹಾದ ಹಾಗೆ. ನಾಲ್ಕು ಸಲ ಎಳೆದಿರಿ ಅಂದರೆ ಇಪ್ಪತ್ತು.

ಪ್ರಾಮಾಣಿಕವಾಗಿ ಇನ್ನೊಂದು ಮಾತೂ ಹೇಳಬೇಕು. ಎಲ್ಲ ತಪ್ಪನ್ನೂ ಹೊಸ ರೇಜರಿನ ತಲೆಗೆ ಕಟ್ಟಲಾಗದು. ಇದೇ ತೊಂದರೆ ಇರುವ ಗಂಡಸರ ಮೇಲೆ ನಡೆದ, 2013ರಲ್ಲಿ ಪ್ರಕಟವಾದ ಅಮೆರಿಕದ ಒಂದು ಅಧ್ಯಯನದಲ್ಲಿ, ಬಹು ಬ್ಲೇಡಿನ ರೇಜರಲ್ಲಿ ದಿನಾ ಶೇವ್ ಮಾಡಿದವರಿಗೂ ಗುಳ್ಳೆ ಹೆಚ್ಚಾಗಲಿಲ್ಲ. ಅಂದರೆ ದಿನಾ ಶೇವ್ ಮಾಡುವುದೇ ಪಾಪ ಅಲ್ಲ, ನಿಮ್ಮ ನೌಕರಿಗೆ ಅದು ನೆಮ್ಮದಿಯ ಸುದ್ದಿ. ಆದರೆ ಎದುರಿಗೆ ಕೂತವರ ಕುತ್ತಿಗೆ ನೋಡಿ ಹೇಳುವುದಾದರೆ, ರೇಜರಿನಷ್ಟೇ ಕೈಯೂ ಕಾರಣ. ಹುಡುಗರು ಹೇಗೆ ಶೇವ್ ಮಾಡುತ್ತಾರೆ ಅಂತ ಕೇಳುತ್ತೇನೆ. ಆಫೀಸಿಗೆ ಹೊತ್ತಾಗಿರುತ್ತದೆ. ಡಬ್ಬಿಯ ನೊರೆ ಒತ್ತಿ, ಮುಖಕ್ಕೆ ಬಳಿದು, ಹತ್ತು ಸೆಕೆಂಡಿಗೆ ರೇಜರ್. ಮೊದಲ ಎಳೆತವೇ ಕೆಳಗಿನಿಂದ ಮೇಲಕ್ಕೆ, ಉಲ್ಟಾ. ಒತ್ತಿ ಒತ್ತಿ. ಹೊಸ ರೇಜರ್ ಅದಕ್ಕೆಲ್ಲ ಬಿಡುತ್ತದೆ. ತಲೆ ತಿರುಗುತ್ತದೆ, ಕೆಳಗೆ ರಬ್ಬರ್ ಪಟ್ಟಿ ಇದೆ, ಮೇಲೆ ಜಾರುವ ಪಟ್ಟಿ ಇದೆ. ಒತ್ತಿದರೂ ರಕ್ತ ಬರುವುದಿಲ್ಲ. ಹಾಗಾಗಿ ತಪ್ಪು ಮಾಡುತ್ತಿದ್ದೇವೆ ಅಂತ ಗೊತ್ತೇ ಆಗುವುದಿಲ್ಲ. ಅಜ್ಜನ ರೇಜರ್ ಒತ್ತಿದ ತಕ್ಷಣ ಹೇಳಿಬಿಡುತ್ತದೆ. ಅದನ್ನು ಹಿಡಿದವರು ತಾವಾಗಿಯೇ ನಿಧಾನ ಆಗುತ್ತಾರೆ. ನಾನು ಅದನ್ನು ಮೆಚ್ಚುವುದಕ್ಕೆ ಬಹಳ ಮಟ್ಟಿಗೆ ಇದೇ ಕಾರಣ.

ನಿಮ್ಮ ಅಪ್ಪನ ಮಾತಿನಲ್ಲೂ ಹುರುಳಿದೆ. ನನ್ನ ಅಪ್ಪ ಶೇವ್ ಮಾಡಿಕೊಳ್ಳುತ್ತಿದ್ದುದು ಜಗಲಿಯಲ್ಲಿ. ಕಿಟಕಿ ಸರಳಿಗೆ ಸಿಕ್ಕಿಸಿದ ಕನ್ನಡಿ, ಪಕ್ಕದಲ್ಲಿ ಹಂಡೆಯಿಂದ ತೋಡಿ ತಂದ ಬಿಸಿನೀರಿನ ಚೊಂಬು. ಮೊದಲು ಒದ್ದೆ ಟವೆಲ್ಲಿನಲ್ಲಿ ಮುಖ ಒರೆಸುವುದು, ಆಮೇಲೆ ಬ್ರಶ್ಶು ತಿರುಗಿಸಿ ತಿರುಗಿಸಿ ಸೋಪಿನ ನೊರೆ. ನೊರೆ ಹಚ್ಚಿಕೊಂಡೇ ಪೇಪರಿನ ಒಂದು ಪುಟ ಓದುತ್ತಿದ್ದರು. ರೇಜರ್ ಮುಖಕ್ಕೆ ತಾಗುವ ಹೊತ್ತಿಗೆ ಗಡ್ಡ ನೆನೆದು ಮೆತ್ತಗಾಗಿರುತ್ತಿತ್ತು. ಮೇಲಿನಿಂದ ಕೆಳಕ್ಕೆ ಒಂದೇ ಸಲ, ಮುಗಿಯಿತು. ಉಲ್ಟಾ ಎಳೆಯುವ ಮಾತೇ ಇಲ್ಲ. ಮಂಗಳವಾರ, ಶುಕ್ರವಾರ, ಅಮಾವಾಸ್ಯೆ ಅಂತ ಎಷ್ಟೋ ದಿನ ಬ್ಲೇಡ್ ಮುಟ್ಟುತ್ತಲೇ ಇರಲಿಲ್ಲ. ಬ್ಲೇಡ್ ಉಳಿಸುವ ಆಸೆಗೆ ಗಾಜಿನ ಲೋಟದ ಒಳಗೋಡೆಗೆ ಬೆರಳಲ್ಲಿ ಒತ್ತಿ ಮಸೆಯುತ್ತಿದ್ದರು, ಅದೊಂದನ್ನು ನೀವು ಮಾಡಬೇಡಿ. ಮಿಕ್ಕಿದ್ದೆಲ್ಲ ಇವತ್ತು ನಾನು ರೋಗಿಗಳಿಗೆ ಬರೆದುಕೊಡುವ ಸಲಹೆಯೇ.

ಸೇಫ್ಟಿ ಅನ್ನುವ ಹೆಸರು ಬಂದಿದ್ದು ಹೇಗೆ ಅಂತಲೂ ಹೇಳಿಬಿಡುತ್ತೇನೆ, ನಿಮ್ಮ ಹೆದರಿಕೆಗೆ ಅದೇ ಮದ್ದು. ಅದಕ್ಕೆ ಮುಂಚೆ ಇದ್ದದ್ದು ಮಡಚುವ ಕ್ಷೌರದ ಕತ್ತಿ. ಅಲಗು ಪೂರ್ತಿ ಬಯಲು. ಅದನ್ನು ತೊಗಲಿನ ಪಟ್ಟಿಗೆ ಮಸೆಯಬೇಕು, ಹಿಡಿಯಲು ಕೈ ಪಳಗಿರಬೇಕು. ಅಲಗಿಗೆ ಒಂದು ಅಡ್ಡ ತಡೆ ಕೊಟ್ಟು, ತುದಿ ಮಾತ್ರ ಚರ್ಮಕ್ಕೆ ತಾಗುವ ಹಾಗೆ ಮಾಡುವ ಯೋಚನೆ 18ನೇ ಶತಮಾನದಲ್ಲೇ ಫ್ರಾನ್ಸಿನ ಜಾನ್ ಜಾಕ್ ಪೆರೆ ಎಂಬ ಚಾಕು ತಯಾರಕನಿಗೆ ಬಂದಿತ್ತು. 1880ರಲ್ಲಿ ನ್ಯೂಯಾರ್ಕಿನ ಕ್ಯಾಂಫೆ ಸಹೋದರರು ಇಂಥದೊಂದು ರೇಜರಿಗೆ ಪೇಟೆಂಟ್ ಪಡೆದರು. ಆದರೆ ಅದರ ಬ್ಲೇಡನ್ನೂ ತೆಗೆದು ಮಸೆಯಬೇಕಿತ್ತು. ಕಿಂಗ್ ಕ್ಯಾಂಪ್ ಜಿಲೆಟ್ ಎಂಬ ಮಾರಾಟಗಾರ ಯೋಚಿಸಿದ್ದು ಬೇರೆ ಥರ: ಬ್ಲೇಡನ್ನು ಕಾಗದದಷ್ಟು ತೆಳ್ಳಗೆ ಮಾಡಿ, ಮೊಂಡಾದರೆ ಬಿಸಾಡಿಬಿಡೋಣ. ಅಷ್ಟು ತೆಳು ಉಕ್ಕನ್ನು ಹದಗೊಳಿಸಿ ಅಲಗು ತರಲು ಆಗುವುದಿಲ್ಲ ಅಂದರು ಬಲ್ಲವರು. ವಿಲಿಯಂ ನಿಕರ್ಸನ್ ಎಂಬ ಎಂಜಿನಿಯರ್ ಅದನ್ನು ಸಾಧಿಸಿದ. 1903ರಲ್ಲಿ ಮಾರಾಟವಾಗಿದ್ದು ಬರೀ 51 ರೇಜರು, 168 ಬ್ಲೇಡು. ಮರುವರ್ಷ ನವೆಂಬರಿನಲ್ಲಿ ಪೇಟೆಂಟ್ ಸಿಕ್ಕಿತು. ಮೊದಲ ಮಹಾಯುದ್ಧದಲ್ಲಿ ಅಮೆರಿಕದ ಸೈನಿಕರ ಕೈಗೆ ಇದು ಲಕ್ಷಗಟ್ಟಲೆ ಹೋಯಿತು. ಕಂದಕದಲ್ಲಿ ಕೂತು ಶೇವ್ ಮಾಡಿಕೊಳ್ಳಲು ಕಲಿತವರು ಊರಿಗೆ ಮರಳಿದ ಮೇಲೂ ಬಿಡಲಿಲ್ಲ. ನಿಮ್ಮ ಅಜ್ಜನ ರೇಜರ್ ಅದರ ವಂಶದ್ದೇ. ಇವತ್ತು ಅಂಗಡಿಯಲ್ಲಿ ಸಿಗುವ ಎರಡು ಬದಿಯ ಬ್ಲೇಡು ನೂರು ವರ್ಷದ ಹಿಂದಿನ ರೇಜರಿಗೂ ಸರಿಯಾಗಿ ಕೂರುತ್ತದೆ. ದಿನಬಳಕೆಯ ಎಷ್ಟು ವಸ್ತುಗಳ ಬಗ್ಗೆ ಹೀಗೆ ಹೇಳಲು ಸಾಧ್ಯ?

ನಮ್ಮ ದೇಶಕ್ಕೇ ಸೇರಿದ ಒಂದು ಪ್ರಸಂಗವೂ ಇದೆ. ಇಲ್ಲಿನವರಿಗೆ ಅಂತಲೇ ಜಿಲೆಟ್ ಕಂಪನಿ 2002ರಲ್ಲಿ ಎರಡು ಬ್ಲೇಡಿನ ಒಂದು ಅಗ್ಗದ ರೇಜರ್ ತಂದಿತು. ಅದನ್ನು ಪರೀಕ್ಷೆ ಮಾಡಿದ್ದು ಅಮೆರಿಕದ ಎಂಐಟಿ ವಿಶ್ವವಿದ್ಯಾಲಯದಲ್ಲಿ ಓದುತ್ತಿದ್ದ ಭಾರತೀಯ ಹುಡುಗರ ಮೇಲೆ. ಅವರೆಲ್ಲ ಮೆಚ್ಚಿದರು. ಇಲ್ಲಿಗೆ ಬಂದರೆ ರೇಜರಿನ ಸಂದಿಯಲ್ಲಿ ಕೂದಲು ಕಟ್ಟಿಕೊಂಡು ನಿಂತುಹೋಗುತ್ತಿತ್ತು. ಆ ಹುಡುಗರ ಬಚ್ಚಲಲ್ಲಿ ನಲ್ಲಿ ನೀರು ರಭಸವಾಗಿ ಹರಿಯುತ್ತಿತ್ತು. ನಮ್ಮಲ್ಲಿ ಎಷ್ಟೋ ಜನ ಲೋಟದ ನೀರಲ್ಲಿ ಅದ್ದಿ ಅದ್ದಿ ಶೇವ್ ಮಾಡುವವರು. ಆಮೇಲೆ ಕಂಪನಿಯವರು ಇಲ್ಲಿನ ಮನೆಗಳಿಗೇ ಬಂದು, ಕೂತು, ನೋಡಿದರು. 2010ರಲ್ಲಿ ಬಂದ ಹೊಸ ರೇಜರ್ ಒಂದೇ ಬ್ಲೇಡಿನದ್ದು. ಆಗ ರೇಜರಿಗೆ 15 ರೂಪಾಯಿ, ಬ್ಲೇಡಿಗೆ 5 ಇತ್ತು. ಇದನ್ನು ಹೇಳಿದ್ದು ಯಾಕೆಂದರೆ, ಅಜ್ಜನ ರೇಜರ್ ಕೈಗೆ ಕೂರದಿದ್ದರೆ ಇಂಥ ಒಂದು ಬ್ಲೇಡಿನ ಸಾದಾ ರೇಜರೂ ನಿಮ್ಮ ಕುತ್ತಿಗೆಗೆ ಆಗಿಬರುತ್ತದೆ.

ಈಗ ಕೆಲಸಕ್ಕೆ ಬರೋಣ. ಮೊದಲು ನಾಲ್ಕು ವಾರ ಕುತ್ತಿಗೆಗೆ ರಜೆ ಕೊಡಿ. ಗಡ್ಡ ದಿನಕ್ಕೆ ಸುಮಾರು ಮಿಲಿಮೀಟರಿನ ಮೂರನೇ ಒಂದು ಭಾಗ ಬೆಳೆಯುತ್ತದೆ. ತಿಂಗಳಿಗೆ ಹತ್ತಿರ ಹತ್ತಿರ ಒಂದು ಸೆಂಟಿಮೀಟರ್. ಅಷ್ಟು ಉದ್ದವಾದಾಗ ಚುಚ್ಚಿಕೊಂಡಿದ್ದ ಕೂದಲು ಸ್ಪ್ರಿಂಗಿನ ಹಾಗೆ ತಾನೇ ಸಿಡಿದು ಹೊರಗೆ ಬರುತ್ತದೆ. ಮೊದಲ ವಾರ ಗುಳ್ಳೆ ಜಾಸ್ತಿಯಾದ ಹಾಗೆ ಅನಿಸಬಹುದು, ಗಾಬರಿ ಬೇಡ. ಬ್ಯಾಂಕಿನಲ್ಲಿ ಕೇಳಿದರೆ ವೈದ್ಯರ ಚೀಟಿ ತೋರಿಸಿ. ಅಷ್ಟೂ ಬಿಡಲು ಆಗದಿದ್ದರೆ ಟ್ರಿಮ್ಮರಿನಲ್ಲಿ ಮೂರು ಮಿಲಿಮೀಟರ್ ಉಳಿಸಿ ಒಪ್ಪ ಮಾಡಿಕೊಳ್ಳಿ, ಆಗ ಗುಣವಾಗುವುದು ಸ್ವಲ್ಪ ನಿಧಾನ. ದಿನಾ ಬೆಚ್ಚಗಿನ ಒದ್ದೆ ಬಟ್ಟೆಯನ್ನು ಐದು ನಿಮಿಷ ಇಡಿ. ಕಮಾನಿನ ಹಾಗೆ ಕಂಡ ಕೂದಲನ್ನು ಸ್ಪಿರಿಟ್ಟಿನಲ್ಲಿ ಒರೆಸಿದ ಸೂಜಿಯ ತುದಿಯಿಂದ ಮೆಲ್ಲಗೆ ಎತ್ತಿ ಬಿಡಿ. ಚಿಮಟದಿಂದ ಕೀಳಬೇಡಿ. ಕಿತ್ತ ಕೂದಲು ಮತ್ತೆ ಒಳಗಿನಿಂದಲೇ ಹುಟ್ಟಿ ಬರಬೇಕು, ದಾರಿ ತಪ್ಪುವ ಅವಕಾಶ ಇನ್ನೂ ಹೆಚ್ಚು. ಕಲೆಗೆ ಬೆಳಿಗ್ಗೆ ಸನ್‌ಸ್ಕ್ರೀನ್ ಹಚ್ಚಿ. ರಾತ್ರಿ ಹಚ್ಚುವ, ಮೊಡವೆಗೂ ಬಳಸುವ ಅಡಾಪಲೀನ್ ಜಾತಿಯ ಜೆಲ್ ಒಳ್ಳೆಯದೇ, ಆದರೆ ಅದನ್ನು ವೈದ್ಯರು ನೋಡಿ ಬರೆದುಕೊಡಲಿ.

ಆ ನಾಲ್ಕು ವಾರದಲ್ಲಿ ರೇಜರ್ ಸರಿ ಮಾಡಿಕೊಳ್ಳಿ. ಹಳೆಯ ಬ್ಲೇಡ್ ಒಳಗಿದ್ದರೆ ಎಚ್ಚರದಿಂದ ತೆಗೆಯಿರಿ, ಅದನ್ನು ಮತ್ತೆ ಬಳಸುವ ಮಾತೇ ಇಲ್ಲ. ಸೋಪು ಬೆರೆಸಿದ ಉಗುರು ಬೆಚ್ಚಗಿನ ನೀರಿನಲ್ಲಿ ಅರ್ಧ ಗಂಟೆ ನೆನೆಸಿ, ಹಳೇ ಹಲ್ಲುಜ್ಜುವ ಬ್ರಶ್ಶಿನಲ್ಲಿ ತಿಕ್ಕಿ. ಹಿತ್ತಾಳೆಗೆ ನಿಕ್ಕಲ್ ಲೇಪ ಕೊಟ್ಟಿದ್ದರೆ ಹುಣಸೆಹಣ್ಣು, ನಿಂಬೆಹುಳಿ ಹಾಕಿ ಉಜ್ಜಬೇಡಿ, ಲೇಪ ಎದ್ದುಹೋಗುತ್ತದೆ. ಒಣಗಿಸಿ, ಸರ್ಜಿಕಲ್ ಸ್ಪಿರಿಟ್ಟಿನಲ್ಲಿ ಚೆನ್ನಾಗಿ ಒರೆಸಿ. ಆಮೇಲೆ ಹೊಸ ಬ್ಲೇಡ್ ಹಾಕಿ, ತಿರುಪು ಬಿಗಿ ಮಾಡಿ, ತಲೆಯನ್ನು ಬೆಳಕಿಗೆ ಅಡ್ಡ ಹಿಡಿದು ನೋಡಿ. ಎರಡೂ ಬದಿಯಲ್ಲಿ ಬ್ಲೇಡ್ ಒಂದೇ ಅಳತೆಗೆ ಹೊರಗಿರಬೇಕು. ಒಂದು ಕಡೆ ಜಾಸ್ತಿ, ಒಂದು ಕಡೆ ಕಮ್ಮಿ ಇದ್ದರೆ ಬಿಚ್ಚಿ ಮತ್ತೆ ಕೂರಿಸಿ. ಆಗಲೂ ಹಾಗೇ ಇದ್ದರೆ ತಲೆಯ ತಟ್ಟೆ ಬಗ್ಗಿದೆ ಅಂತ. ಹಿಡಿಯಲ್ಲಿ ಬಿರುಕಿದ್ದರೂ ಅಷ್ಟೇ. ಅಜ್ಜನ ನೆನಪಿಗೆ ಅದನ್ನು ಎತ್ತಿಟ್ಟು ಹೊಸ ಸೇಫ್ಟಿ ರೇಜರ್ ಕೊಳ್ಳಿ. ಒಳ್ಳೆಯ ರೇಜರ್ ಒಂದು ಸಲದ ಖರ್ಚು. ಆಮೇಲೆ ಬ್ಲೇಡಿಗೆ ಕೆಲವೇ ರೂಪಾಯಿ. ಐದು ಬ್ಲೇಡಿನ ಒಂದು ಕಾರ್ಟ್ರಿಡ್ಜಿನ ಬೆಲೆಗೆ ತಿಂಗಳುಗಟ್ಟಲೆ ಆಗುವಷ್ಟು ಬ್ಲೇಡ್ ಬರುತ್ತದೆ.

ಶೇವ್ ಮಾಡುವ ಮುಂಚೆ ಒಂದು ಸಣ್ಣ ಕೆಲಸ. ಎರಡು ದಿನದ ಗಡ್ಡ ಇರುವಾಗ ಅಂಗೈಯನ್ನು ಕುತ್ತಿಗೆ ಮೇಲೆ ನಾಲ್ಕೂ ದಿಕ್ಕಿಗೆ ಆಡಿಸಿ. ಯಾವ ದಿಕ್ಕಿಗೆ ನಯ, ಯಾವ ದಿಕ್ಕಿಗೆ ಗರಗರ? ನಯ ಅನಿಸುವುದೇ ಕೂದಲು ಮಲಗಿರುವ ದಿಕ್ಕು. ಒಂದು ಹಾಳೆಯ ಮೇಲೆ ಮುಖದ ಚಿತ್ರ ಬರೆದು ಬಾಣದ ಗುರುತು ಹಾಕಿ ಕನ್ನಡಿ ಪಕ್ಕ ಅಂಟಿಸಿ. ತಮಾಷೆಗೆ ಹೇಳುತ್ತಿಲ್ಲ. ಈ ಒಂದು ಹಾಳೆಯಿಂದ ಎಷ್ಟೋ ಜನರ ಕುತ್ತಿಗೆ ಸುಧಾರಿಸಿದೆ.

ಸ್ನಾನ ಆದ ಮೇಲೆ ಶೇವ್ ಮಾಡಿ, ಮುಂಚೆ ಅಲ್ಲ. ಒಣಗಿದ ಗಡ್ಡದ ಕೂದಲು ಬಹಳ ಗಟ್ಟಿ, ಬೆಚ್ಚಗಿನ ನೀರು ಎರಡು ಮೂರು ನಿಮಿಷ ಕುಡಿದರೆ ಮೆತ್ತಗಾಗುತ್ತದೆ. ಬ್ಲೇಡಿನ ಆಯುಷ್ಯಕ್ಕೂ ಇದು ಬೇಕು. 2020ರಲ್ಲಿ ಎಂಐಟಿಯ ವಿಜ್ಞಾನಿಗಳು ಸೂಕ್ಷ್ಮದರ್ಶಕದ ಕೆಳಗೆ ಬ್ಲೇಡಿನಿಂದ ಗಡ್ಡದ ಕೂದಲು ಕತ್ತರಿಸಿ ನೋಡಿದರು. ಉಕ್ಕಿಗಿಂತ ಕೂದಲು ಸುಮಾರು 50 ಪಟ್ಟು ಮೆದು. ಆದರೂ ಒಂದೇ ಒಂದು ಕೂದಲು ಅಲಗಿನ ಚಕ್ಕೆ ಎಬ್ಬಿಸಬಲ್ಲದು. ಕೂದಲು ಬಾಗಿ ಅಲಗಿಗೆ ಓರೆಯಾಗಿ ಸಿಕ್ಕಾಗ, ಉಕ್ಕಿನ ಒಳಗಿನ ಹದ ಅಲ್ಲಲ್ಲಿ ಬೇರೆಯಾಗಿದ್ದ ಕಡೆ ಹೀಗೆ ಆಗುತ್ತದೆ. ಚಕ್ಕೆ ಎದ್ದ ಅಲಗು ಕತ್ತರಿಸುವುದಿಲ್ಲ, ಹರಿಯುತ್ತದೆ. ನಾಲ್ಕೈದು ಶೇವಿಗೆ ಒಂದು ಬ್ಲೇಡ್ ಅಂತ ಇಟ್ಟುಕೊಳ್ಳಿ. ಎಳೆದ ಹಾಗೆ ಅನಿಸಿದರೆ ಮೂರಕ್ಕೇ ಬದಲಾಯಿಸಿ. ಬ್ಲೇಡನ್ನು ಬಟ್ಟೆಗೆ ಒರೆಸಬೇಡಿ, ಅಲಗಿನ ಮೇಲಿನ ನುಣುಪು ಲೇಪ ಹೋಗುತ್ತದೆ. ನೀರಲ್ಲಿ ಅಲ್ಲಾಡಿಸಿ ಒಣಗಲು ಬಿಡಿ.

ಬ್ರಶ್ಶಿನಲ್ಲಿ ಸೋಪಿನ ನೊರೆ ಮಾಡಿ ಗುಂಡಗೆ ತಿರುಗಿಸುತ್ತಾ ಹಚ್ಚಿ. ಮಲಗಿದ ಕೂದಲು ಎದ್ದು ನಿಲ್ಲುತ್ತದೆ. ರೇಜರ್ ಹಿಡಿಯುವುದು ಹೀಗೆ: ತಲೆಯ ಮೇಲ್ಭಾಗವನ್ನು ಕೆನ್ನೆಗೆ ಒರಗಿಸಿ, ಹಿಡಿ ನೆಲಕ್ಕೆ ಸಮನಾಗಿ ಹೊರಗೆ ಚಾಚಿರಲಿ. ಈಗ ಬ್ಲೇಡ್ ತಾಗುತ್ತಿಲ್ಲ. ನಿಧಾನವಾಗಿ ಹಿಡಿಯನ್ನು ಕೆಳಗಿಳಿಸುತ್ತಾ ರೇಜರನ್ನು ಕೆಳಕ್ಕೆ ಸರಿಸಿ. ಒಂದು ಹಂತದಲ್ಲಿ ಬ್ಲೇಡ್ ನೊರೆಗೆ ತಾಗಿ ಕರ್ ಕರ್ ಅಂತ ಸಣ್ಣ ಸದ್ದು ಬರುತ್ತದೆ. ಅದೇ ಕೋನ, ಸುಮಾರು 30 ಡಿಗ್ರಿ. ಮಣಿಕಟ್ಟು ಬಿಗಿ ಇರಲಿ, ತೋಳು ಆಡಲಿ. ಒಂದೊಂದು ಎಳೆತ ಒಂದು ಇಂಚು, ಅಷ್ಟೇ. ಒತ್ತಬೇಡಿ. ರೇಜರಿನ ಭಾರವೇ ಸಾಕು. ಮೊದಲ ವಾರ ಕೆನ್ನೆ ಮಾತ್ರ ಇದರಲ್ಲಿ ಮಾಡಿ, ಗದ್ದ ಮತ್ತು ಕುತ್ತಿಗೆಗೆ ಟ್ರಿಮ್ಮರ್ ಸಾಕು. ಕೈ ಪಳಗಿದ ಮೇಲೆ ಕೆಳಗಿಳಿಯಿರಿ.

ಕುತ್ತಿಗೆಯಲ್ಲಿ ಎರಡು ಮಾತು ನೆನಪಿಡಿ. ಕೂದಲು ಮಲಗಿದ ದಿಕ್ಕಿಗೆ ಒಂದೇ ಸಲ, ಉಲ್ಟಾ ಬೇಡವೇ ಬೇಡ. ಎರಡನೆಯದು, ಚರ್ಮವನ್ನು ಎಳೆದು ಬಿಗಿ ಮಾಡಬೇಡಿ. ಕ್ಷೌರದ ಅಂಗಡಿಯಲ್ಲಿ ಎರಡು ಬೆರಳಲ್ಲಿ ಚರ್ಮ ಜಗ್ಗಿ ಹಿಡಿದು ಶೇವ್ ಮಾಡುತ್ತಾರೆ, ಅದು ನುಣುಪಿಗಾಗಿ ಮಾಡುವ ಕೈಚಳಕ. ಜಗ್ಗಿ ಕತ್ತರಿಸಿದರೆ ಬಿಟ್ಟ ತಕ್ಷಣ ಕೂದಲು ಒಳಕ್ಕೆ ಸರಿಯುತ್ತದೆ. ಐದು ಬ್ಲೇಡ್ ಮಾಡುತ್ತಿದ್ದ ಅನಾಹುತವನ್ನು ಒಂದು ಬ್ಲೇಡಿನಿಂದಲೂ ಮಾಡಿಕೊಂಡ ಹಾಗಾಗುತ್ತದೆ. ಶೇವ್ ಆದ ಮೇಲೆ ಕುತ್ತಿಗೆ ಮೇಲೆ ಕೈಯಾಡಿಸಿದರೆ ತುಸು ತರಿ ಸಿಗಬೇಕು. ಸಿಕ್ಕರೆ ಸರಿಯಾಗಿ ಮಾಡಿದ್ದೀರಿ ಅಂತ. ಕೌಂಟರಿನ ಆಚೆ ನಿಂತ ಗ್ರಾಹಕರಿಗೆ ಅದು ಕಾಣುವುದೂ ಇಲ್ಲ.

ತಣ್ಣೀರಲ್ಲಿ ತೊಳೆದು, ಒತ್ತಿ ಒರೆಸಿ, ಸುವಾಸನೆ ಇಲ್ಲದ ಮಾಯಿಶ್ಚರೈಸರ್ ಹಚ್ಚಿ. ಚುರ್ ಅನ್ನುವ ಆಫ್ಟರ್‌ಶೇವ್ ಬೇಡ, ಕೆರಳಿದ ಚರ್ಮಕ್ಕೆ ಅದು ಇನ್ನಷ್ಟು ಒಣಕಲು. ಚೂರು ಕೊಯ್ದರೆ ಒದ್ದೆ ಪಟಿಕದ ಕಲ್ಲು ಹತ್ತು ಸೆಕೆಂಡ್ ಒತ್ತಿ ಹಿಡಿಯಿರಿ, ರಕ್ತ ನಿಲ್ಲುತ್ತದೆ. ಆ ಕಲ್ಲು ನಿಮ್ಮದೊಬ್ಬರದೇ ಆಗಿರಲಿ, ರೇಜರೂ ಅಷ್ಟೇ. ಅಣ್ಣ ತಮ್ಮಂದಿರೇ ಆದರೂ ಹಂಚಿಕೊಳ್ಳಬೇಡಿ. ಹೆಪಟೈಟಿಸ್ ಬಿ ವೈರಸ್ ದೇಹದ ಹೊರಗೆ, ಒಣಗಿದ ರಕ್ತದಲ್ಲೂ ಕಡಿಮೆ ಅಂದರೆ ಏಳು ದಿನ ಬದುಕಿರುತ್ತದೆ. ನರಹುಲಿಯೂ ಹೀಗೇ ಮುಖದಿಂದ ಮುಖಕ್ಕೆ ದಾಟುತ್ತದೆ. ಕ್ಷೌರದ ಅಂಗಡಿಗೆ ಹೋದಾಗಲೂ ಬ್ಲೇಡನ್ನು ನಿಮ್ಮೆದುರೇ ಕಾಗದದಿಂದ ಬಿಚ್ಚಿ, ಮುರಿದು ಕತ್ತಿಗೆ ಹಾಕಲಿ. ಎಲ್ಲರ ಮುಖಕ್ಕೂ ಉಜ್ಜುವ ಆ ಒಂದೇ ಪಟಿಕದ ಕಲ್ಲು ಬೇಡ ಅಂತ ಸಂಕೋಚ ಇಲ್ಲದೆ ಹೇಳಿ.

ಇಷ್ಟೆಲ್ಲ ಮಾಡಿಯೂ ಕುತ್ತಿಗೆ ಒಪ್ಪದಿದ್ದರೆ? ಹಾಗೂ ಆಗುತ್ತದೆ. ಆಗ ಅಜ್ಜನ ರೇಜರ್ ಕೆನ್ನೆಗೆ ಇರಲಿ, ಕುತ್ತಿಗೆಗೆ ಟ್ರಿಮ್ಮರ್ ಕಾಯಂ ಮಾಡಿ. ಅರ್ಧ, ಒಂದು ಮಿಲಿಮೀಟರ್ ಉಳಿಸಿ ಕತ್ತರಿಸಿದ ಕೂದಲು ಒಳಗೆ ಹೋಗುವುದು ಕಷ್ಟ. ಕರೆಂಟಿನ ಶೇವರ್ ಕೂಡ ಬ್ಲೇಡಿನಷ್ಟು ಬುಡಕ್ಕೆ ಕತ್ತರಿಸುವುದಿಲ್ಲ, ಒತ್ತದೆ ಬಳಸಿದರೆ ಒಳ್ಳೆಯದೇ. ಸಕ್ಕರೆ ಕಾಯಿಲೆಯಲ್ಲಿ ಗಾಯ ಬೇಗ ಮಾಯದವರು, ರಕ್ತ ತೆಳುವಾಗುವ ಮಾತ್ರೆ ತಗೊಳ್ಳುವವರು, ಕೈ ನಡುಗುವವರು ಸೇಫ್ಟಿ ರೇಜರಿನ ಗೊಡವೆಗೆ ಹೋಗದೆ ಮೊದಲೇ ಕರೆಂಟಿನ ಶೇವರನ್ನು ಆರಿಸಿಕೊಳ್ಳಲಿ. ಎಲ್ಲಕ್ಕೂ ಮಿಗಿಲಾಗಿ ತೊಂದರೆ ಕೊಡುತ್ತಿದ್ದರೆ ಕೂದಲ ಬುಡವನ್ನೇ ಸುಡುವ ಲೇಸರ್ ಇದೆ. ನಮ್ಮ ಬಣ್ಣಕ್ಕೆ 1064 ನ್ಯಾನೋಮೀಟರ್ ತರಂಗಾಂತರದ ಎನ್‌ಡಿ ಯಾಗ್ ಎಂಬ ಬಗೆಯ ಲೇಸರ್ ಹೆಚ್ಚು ಸುರಕ್ಷಿತ. ಬ್ಯೂಟಿ ಪಾರ್ಲರಿನಲ್ಲಿ ಮಾಡಿಸಬೇಡಿ, ತಪ್ಪಿದರೆ ಸುಟ್ಟ ಕಲೆ ಉಳಿಯುತ್ತದೆ. ಅಂದ ಹಾಗೆ, ರೇಜರ್ ಬದಲಾಯಿಸಿದರೆ ಗಡ್ಡ ಒರಟಾಗುತ್ತದೆ ಅಂತ ಯಾರಾದರೂ ಹೆದರಿಸಿದರೆ ನಂಬಬೇಡಿ. ಶೇವ್ ಮಾಡುವುದರಿಂದ ಕೂದಲು ದಪ್ಪವಾಗುವುದಿಲ್ಲ ಅಂತ ಮಿಲ್‌ಡ್ರೆಡ್ ಟ್ರಾಟರ್ ಎಂಬ ವಿಜ್ಞಾನಿ 1928ರಷ್ಟು ಹಿಂದೆಯೇ ಅಳೆದು ತೋರಿಸಿದ್ದಾರೆ.

ಬಳಸಿದ ಬ್ಲೇಡನ್ನು ಕಸದ ಬುಟ್ಟಿಗೆ ಹಾಗೇ ಎಸೆಯಬೇಡಿ. ನಿಮ್ಮ ಮನೆಯ ಕಸವನ್ನು ಬರಿಗೈಯಲ್ಲಿ ಬೇರ್ಪಡಿಸುವ ಪೌರಕಾರ್ಮಿಕರ ಬೆರಳು ಕೊಯ್ಯುತ್ತದೆ. ಅಂಥ ಗಾಯಗಳನ್ನು ನಾನು ಕಟ್ಟಿದ್ದೇನೆ. ಒಂದು ಖಾಲಿ ಡಬ್ಬಿಯ ಮುಚ್ಚಳಕ್ಕೆ ಸೀಳು ಮಾಡಿ, ಹಳೇ ಬ್ಲೇಡನ್ನೆಲ್ಲ ಅದರೊಳಗೆ ಹಾಕುತ್ತಾ ಬನ್ನಿ. ಅದು ತುಂಬಲು ವರ್ಷಗಳೇ ಬೇಕು. ತುಂಬಿದಾಗ ಟೇಪ್ ಸುತ್ತಿ, ಮೇಲೆ ‘ಬ್ಲೇಡ್’ ಅಂತ ದೊಡ್ಡದಾಗಿ ಬರೆದು ಪೌರಕಾರ್ಮಿಕರ ಕೈಗೇ ಕೊಟ್ಟು ಹೇಳಿ.

ಇವತ್ತೇ ಕುತ್ತಿಗೆಯ ಒಂದು ಫೋಟೊ ತೆಗೆದಿಡಿ, ಕಿಟಕಿ ಬೆಳಕಿನಲ್ಲಿ. ಹೊಸ ಕ್ರಮ ಶುರುಮಾಡಿ ಆರು ವಾರ ಆದ ಮೇಲೆ ಅದೇ ಜಾಗದಲ್ಲಿ ನಿಂತು ಇನ್ನೊಂದು ತೆಗೆಯಿರಿ. ಕಪ್ಪು ಕಲೆ ಅಷ್ಟರಲ್ಲಿ ಪೂರ್ತಿ ಹೋಗಿರುವುದಿಲ್ಲ, ಅದಕ್ಕೆ ತಿಂಗಳುಗಳು ಬೇಕು. ನೋಡಬೇಕಾದ್ದು ಹೊಸ ಗುಳ್ಳೆ ಎಷ್ಟಿವೆ ಅಂತ. ಕಮ್ಮಿಯಾಗಿದ್ದರೆ ಹೀಗೇ ಮುಂದುವರಿಸಿ. ಅಷ್ಟೇ ಇದ್ದರೆ, ಅಥವಾ ಗುಳ್ಳೆ ಗಟ್ಟಿ ಗಂಟಾಗುತ್ತಿದ್ದರೆ, ಕೀವು ಸುರಿಯುತ್ತಿದ್ದರೆ, ಎರಡೂ ಫೋಟೊ ಮತ್ತು ಆ ಕ್ರೀಮಿನ ಟ್ಯೂಬ್ ಹಿಡಿದು ಚರ್ಮವೈದ್ಯರ ಹತ್ತಿರ ಹೋಗಿ.